ಹಳದಿ ವೈರು ದಾಟುವ ಜಾಗ

ನಿಮ್ಮ ಎಡಗೈಯನ್ನು ಆಡಿಸುವುದು ನಿಮ್ಮ ಮೆದುಳಿನ ಬಲಭಾಗ. ಬಲಗೈಯನ್ನು ಆಡಿಸುವುದು ಎಡಭಾಗ. ಇದನ್ನು ಎಂಟನೆಯ ಕ್ಲಾಸಿನಲ್ಲೋ ಹತ್ತನೆಯದರಲ್ಲೋ ನೀವು ಓದಿದ್ದೀರಿ, ಪರೀಕ್ಷೆಯಲ್ಲಿ ಬರೆದಿದ್ದೀರಿ, ಅಂಕ ಗಿಟ್ಟಿಸಿದ್ದೀರಿ, ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಮರೆತಿದ್ದೀರಿ. ಮರೆತಿಲ್ಲ ಎನ್ನುವವರು ಮೂಗು ಮುರಿಯಬೇಡಿ. ಈ ಕಥೆ ಮುಗಿಯುವ ಹೊತ್ತಿಗೆ ನಿಮಗೂ ಒಂದು ಕೆಲಸ ಹಚ್ಚಲಿದ್ದೇನೆ.

ಶಾಲೆಗಳ ಗಾಜಿನ ಬೀರುವಿನಲ್ಲಿ ಹೊಟ್ಟೆ ತೆರೆದುಕೊಂಡು, ಯಾರ ಮೇಲೂ ಸಿಟ್ಟಿಲ್ಲದೆ ನಿಂತಿರುತ್ತಾನಲ್ಲ ಒಬ್ಬ ಮನುಷ್ಯ, ಅವನು ಹುಟ್ಟುವುದು ಒಂದು ತಗಡಿನ ಶೆಡ್ಡಿನಲ್ಲಿ. ಒಳಗೆ ಕಾಲಿಟ್ಟರೆ ಪ್ಲಾಸ್ಟರಿನ ಧೂಳು, ವಾರ್ನಿಶಿನ ಘಾಟು. ಒಗೆದ ಬಟ್ಟೆಯ ಹಾಗೆ ತಂತಿಯ ಮೇಲೆ ಶ್ವಾಸಕೋಶಗಳನ್ನು ಒಣಹಾಕಿರುತ್ತಾರೆ. ತಟ್ಟೆಯೊಂದರಲ್ಲಿ ಕಣ್ಣುಗುಡ್ಡೆಗಳು ಕೂತು ಬಂದವರನ್ನೆಲ್ಲ ನೋಡುತ್ತಿರುತ್ತವೆ. ಇಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರು ನಡೆಯುವುದಿಲ್ಲ. ಯಾರು ಯಾವ ಅಂಗ ಮಾಡುತ್ತಾರೋ ಅದೇ ಹೆಸರು. ಕರುಳು ಸುತ್ತುವವನು ಕರುಳಿನಣ್ಣ, ದವಡೆಗೆ ಹಲ್ಲು ಕೂರಿಸುವವಳು ಹಲ್ಲಿನಮ್ಮ, ಹೃದಯಕ್ಕೆ ಕೆಂಪು ಹಚ್ಚುವವನಿಗೆ ಮದುವೆಯಾಗಿಲ್ಲವಾದ್ದರಿಂದ ಅವನನ್ನು ಏನೇನೋ ಕರೆಯುತ್ತಾರೆ. ನಮ್ಮ ಕಥೆಯ ಹೆಂಗಸು ನರಮಂಡಲದ ಫಲಕ ಮಾಡುವವಳು. ಆದ್ದರಿಂದ ನರದಕ್ಕ.

ನರಮಂಡಲದ ಫಲಕವೆಂದರೆ ಅರ್ಧ ಆಳೆತ್ತರದ ಹಲಗೆ. ಅದರ ಮೇಲೆ ಪ್ಲಾಸ್ಟರಿನಲ್ಲಿ ಉಬ್ಬಿಸಿದ ಮನುಷ್ಯ. ತಲೆಬುರುಡೆ ಮುಚ್ಚಳ ತೆಗೆದ ಡಬ್ಬಿಯಂತೆ ತೆರೆದಿರುತ್ತದೆ. ಒಳಗೆ ದೊಡ್ಡ ಮೆದುಳು, ಅದರ ಹಿಂದೆ ಕೆಳಗೆ ಕಿರುಮೆದುಳು, ನಡುವಿನಿಂದ ಇಳಿಯುವ ಮೆದುಳಿನ ಕಾಂಡ, ಅದು ಬುರುಡೆ ದಾಟಿದ ಮೇಲೆ ಬೆನ್ನುಹುರಿ. ಪ್ಲಾಸ್ಟರಿನಲ್ಲಿ ಕೊರೆದ ಸಣ್ಣ ಕಾಲುವೆಗಳೊಳಗೆ ಹಳದಿ ವೈರನ್ನು ಅಂಟಿಸುತ್ತ ನೆತ್ತಿಯಿಂದ ಅಂಗಾಲಿನವರೆಗೆ ಬರುವುದು ನರದಕ್ಕನ ಕೆಲಸ. ಹಳದಿ ಎಂದರೆ ನರ, ಕೆಂಪು ನೀಲಿ ಎಂದರೆ ರಕ್ತನಾಳ. ಮುಂಗೈ ಮೇಲೆ ನೀಲಿಯಾಗಿ ಉಬ್ಬುವುದನ್ನು ನಾವು ನೀವೆಲ್ಲ ಕೂಗಿ ಕೂಗಿ ನರ ಎನ್ನುತ್ತೇವೆ. ಅದು ರಕ್ತನಾಳ ಕಣ್ರೀ. ನರ ಹಾಗೆಲ್ಲ ಮೈಮೇಲೆ ಬಂದು ಮೆರೆಯುವುದಿಲ್ಲ.

ವೈರು ಅಂಟಿಸುತ್ತ ಅಂಟಿಸುತ್ತ ನರದಕ್ಕನಿಗೆ ಹೆಸರುಗಳು ಬಾಯಿಗೆ ಬಂದವು, ಬಾಯಿಂದ ಮನೆಗೆ ಬಂದವು. ಸೊಂಟದಿಂದ ಕಾಲಿಗೆ ಇಳಿಯುವ ದಪ್ಪ ವೈರು ಸಯಾಟಿಕ್. ಮೊಣಕೈಯ ಮೂಲೆಯಲ್ಲಿ, ಬಾಗಿಲಿಗೆ ತಾಗಿದರೆ ಕರೆಂಟು ಹೊಡೆಸುವ ಜಾಗದಲ್ಲಿ ಹೋಗುವುದು ಅಲ್ನಾರ್. ಮೆದುಳಿನಿಂದ ಹೊರಟು ಗಂಟಲು, ಎದೆ, ಹೊಟ್ಟೆ ಎಂದು ಕಂಡ ಕಂಡಲ್ಲಿ ಇಣುಕುವುದು ವೇಗಸ್. ಅದಕ್ಕೆ ಆಕೆ ಇಟ್ಟ ಹೆಸರು ಅಲೆಮಾರಿ ನರ. ಗಂಡ ಕೆಲಸ ಮುಗಿಸಿ ನಾಲ್ಕು ಕಡೆ ಹರಟೆ ಹೊಡೆದು ಮನೆಗೆ ಬಂದರೆ, "ಬಂತು ನೋಡಿ ವೇಗಸ್ಸು" ಎನ್ನುತ್ತಿದ್ದಳು.

ಗಂಡ ಮನೆಗಳಿಗೆ ವೈರಿಂಗ್ ಮಾಡುವವನು. ಅವನ ಪ್ರಕಾರ ಜಗತ್ತಿನಲ್ಲಿ ಎರಡೇ ಪಾಪ: ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟುವುದು, ವೈರಿನ ಮೇಲೆ ವೈರು ಹಾಯಿಸುವುದು. ಮನೆಯಲ್ಲಿ ಮೂರನೆಯವರು ಮಾವ, ಅಂದರೆ ಗಂಡನ ಅಪ್ಪ, ನಿವೃತ್ತ ಬಸ್ ಕಂಡಕ್ಟರ್. ಎಡಗೈಯಲ್ಲಿ ಇಸ್ಪೀಟಿನ ಎಲೆಗಳನ್ನು ಬೀಸಣಿಗೆಯ ಹಾಗೆ ಹರಡಿ ಹಿಡಿದು, ನೆರೆಹೊರೆಯವರನ್ನು ಸೋಲಿಸುವುದೇ ಅವರ ಪಿಂಚಣಿ. ಸೊಸೆ ಎಂದರೆ ಅವರಿಗೆ ಹೆಮ್ಮೆ. "ನಮ್ಮನೇಲೇ ಡಾಕ್ಟ್ರು ಇದ್ದಾಳೆ" ಎಂದು ಬೀದಿಗೆಲ್ಲ ಸಾರಿದ್ದರು. ಹಾಗಾಗಿ ಯಾರಿಗೆ ಸೊಂಟ ಹಿಡಿದರೂ, ಕಾಲು ಜೋಮು ಹಿಡಿದರೂ ನರದಕ್ಕನ ಬಾಗಿಲಿಗೆ ಬರುತ್ತಿದ್ದರು. ಆಕೆ ಬೇಡ ಎನ್ನುತ್ತಿರಲಿಲ್ಲ. ಪುಕ್ಕಟೆ ಸಲಹೆ ಕೊಡಲು ಎಲ್ಲರೂ ಕಾದು ಕೂತಿರುವ ದೇಶದಲ್ಲಿ ಯಾರು ತಾನೇ ಬೇಡ ಎನ್ನುತ್ತಾರೆ?

ಈಗ ತಪ್ಪಿನ ವಿಷಯಕ್ಕೆ ಬರೋಣ.

ಮೆದುಳಿನ ಎಡದಿಂದ ಒಂದು, ಬಲದಿಂದ ಒಂದು ಹಳದಿ ವೈರು ಇಳಿಯುತ್ತವೆ. ಬುರುಡೆ ಮುಗಿದು ಕತ್ತು ಶುರುವಾಗುವ ಜಾಗದಲ್ಲಿ ಅವು ಒಂದರ ಮೇಲೊಂದು ಹಾದು ಅದಲು ಬದಲಾಗುತ್ತವೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಗಂಟು. ಫಲಕಕ್ಕೆ ಗಾಜು ಹಾಕಿ ಕಟ್ಟಿದರೆ ಗಾಜಿಗೆ ಮೊದಲು ತಾಗುವುದು ಈ ಗಂಟೇ. ಶಾಲೆಗಳಿಗೆ ಒಯ್ಯುವ ವ್ಯಾನು ಗುಂಡಿಗೆ ಬಿದ್ದಾಗಲೆಲ್ಲ ಅಂಟು ಬಿಟ್ಟು, ಪೆಟ್ಟಿಗೆ ವಾಪಸು. ಶೆಡ್ಡಿನ ಯಜಮಾನನ ಬೈಗುಳ ಮಾತ್ರ ಪೆಟ್ಟಿಗೆಗಿಂತ ಮೊದಲೇ ತಲುಪುತ್ತಿತ್ತು.

ಶೆಡ್ಡಿನ ಟ್ಯೂಬ್‌ಲೈಟ್ ಸರಿಮಾಡಲು ಬಂದ ಗಂಡ ಒಂದು ದಿನ ಏಣಿಯ ಮೇಲಿಂದಲೇ ಫಲಕವನ್ನು ನೋಡಿದ.

"ಏನೇ ಇದು, ವೈರು ಕ್ರಾಸ್ ಆಗಿದೆ. ಯಾರು ಮಾಡಿದ್ದು ಈ ವೈರಿಂಗು?"

"ದೇವರು."

"ಅವನಿಗೆ ಲೈಸೆನ್ಸ್ ಕೊಟ್ಟೋರು ಯಾರು? ಎಡಗಡೆ ಲೈನು ಎಡಕ್ಕೆ, ಬಲಗಡೆದು ಬಲಕ್ಕೆ ಎಳೆದ್ರೆ ಮುಗೀತಲ್ಲ. ವೈರೂ ಉಳಿಯುತ್ತೆ, ಶಾರ್ಟೂ ಆಗಲ್ಲ."

ನರದಕ್ಕ ಯೋಚಿಸಿದಳು. ಪ್ಲಾಸ್ಟರ್ ಎರೆಯುವ ಅಚ್ಚು ಹಳೆಯದು, ಎಲ್ಲಿಂದಲೋ ಬಂದದ್ದು, ಅದರಲ್ಲಿ ಕಿವಿಯೊಂದು ಮೊದಲೇ ಸೊಟ್ಟಗಿತ್ತು. ಇದೂ ಅಚ್ಚಿನವನ ಸೊಟ್ಟತನವೇ ಇರಬೇಕು. ಆ ಜಾಗಕ್ಕೆ ಚುಚ್ಚುವ ಚೀಟಿಯಲ್ಲಿ 'ಪಿರಮಿಡೀಯ ವ್ಯತ್ಯಸನ' ಎಂದು ಅಚ್ಚಾಗಿತ್ತು. ಯಜಮಾನನನ್ನು ಕೇಳಿದಳು. "ಅದೇನೋ ಮೆಡಿಕಲ್ ಪದ ಕಣಮ್ಮ, ಇರ್ಲಿ ಬಿಡು, ಭಾರವಾಗಿ ಕಾಣುತ್ತೆ" ಎಂದ. ನನಗೆ ಮೈ ಉರಿಯುವುದು ಇಲ್ಲೇ. ಆ ಚೀಟಿ ಬರೆದ ಮಹಾನುಭಾವ 'ಇಲ್ಲಿ ನರಗಳು ಆಚೀಚೆ ದಾಟುತ್ತವೆ' ಎಂದು ಬರೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ನರದಕ್ಕ ಓದು ಬಲ್ಲವಳು. ಓದಿದರೆ ತಿಳಿಯುವ ಮಾತು ಬರೆಯುವವರು ಇರಲಿಲ್ಲ, ಅಷ್ಟೆ.

ಅಂದಿನಿಂದ ಆಕೆ ಕಾಲುವೆಯನ್ನು ಉಳಿಯಿಂದ ತಿದ್ದಿ, ವೈರನ್ನು ನೇರ ಇಳಿಸಿದಳು. ಗಂಟು ಮಾಯ. ಗಾಜಿಗೆ ತಾಗುವುದು ನಿಂತಿತು, ಪೆಟ್ಟಿಗೆ ವಾಪಸು ಬರುವುದೂ ನಿಂತಿತು. ಯಜಮಾನ ಜೀವಮಾನದಲ್ಲಿ ಮೊದಲ ಸಲ "ಭೇಷ್" ಎಂದ. ಕರುಳಿನಣ್ಣನಿಗೆ ಹೊಟ್ಟೆ ಉರಿಯಿತು.

ಫಲಕಗಳು ಶಾಲೆಗಳಿಗೆ ಹೋಗುತ್ತಲೇ ಇದ್ದವು. ಯಾವ ಶಾಲೆಯಿಂದಲೂ, ಯಾವ ಮೇಷ್ಟ್ರಿಂದಲೂ, ಒಂದು ಮಾತು ಬರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಒಂದು ಬೆಳಿಗ್ಗೆ ಮಾವ ಜಗಲಿಯಲ್ಲಿ ಇಸ್ಪೀಟು ಆಡುತ್ತ ಕೂತಿದ್ದರು. ಎಡಗೈಯ ಬೀಸಣಿಗೆ ತಾನಾಗಿ ಮಡಚಿಕೊಂಡು ಎಲೆಗಳು ನೆಲಕ್ಕೆ ಸುರಿದವು. ಎದುರಾಳಿ, ಪಕ್ಕದ ಮನೆಯ ಬೇಕರಿಯವನು, "ಏನ್ ಯಜಮಾನ್ರೇ, ಸೋಲೋ ಹೊತ್ತಿಗೆ ನಾಟಕ" ಎಂದು ನಕ್ಕ. ಮಾವನೂ ನಗಲು ಹೋದರು. ಬಾಯಿಯ ಎಡ ಮೂಲೆ ನಗಲಿಲ್ಲ. ಅದು ಕೆಳಗೇ ಜೋತುಬಿದ್ದಿತ್ತು. ಒಲೆಯ ಮುಂದಿದ್ದ ನರದಕ್ಕ ಓಡಿ ಬಂದಳು. ಲಕ್ವ ಎಂದು ಗುರುತಿಸಿದ್ದು ಆಕೆಯೇ, ಬೇಕರಿಯವನ ಗಾಡಿಯಲ್ಲಿ ಆಸ್ಪತ್ರೆಗೆ ಎತ್ತಿ ಹಾಕಿಸಿದ್ದೂ ಆಕೆಯೇ. ಅಲ್ಲಿಯವರೆಗೆ ಎಲ್ಲ ಸರಿ.

ಡ್ಯೂಟಿ ಡಾಕ್ಟರು ಇನ್ನೂ ಎಳೆ ವಯಸ್ಸಿನ ಹುಡುಗಿ. ಮಾವನ ಮೊಣಕಾಲಿಗೆ ರಬ್ಬರಿನ ಸುತ್ತಿಗೆಯಿಂದ ತಟ್ಟಿದಳು. ಎಡ ಅಂಗಾಲನ್ನು ಕೀಲಿಕೈ ತುದಿಯಿಂದ ಗೀರಿದಳು. ಹೆಬ್ಬೆರಳು ಮಡಚಿಕೊಳ್ಳುವ ಬದಲು ಮೇಲಕ್ಕೆದ್ದಿತು.

"ಕಚಗುಳಿ ಇಡೋಕೆ ಇಷ್ಟು ದೂರ ಕರ್ಕೊಂಡ್ ಬಂದ್ರಾ?" ಎಂದರು ಮಾವ, ಅರ್ಧ ಬಾಯಲ್ಲಿ, ತೊದಲುತ್ತ.

ತಲೆಯ ಸ್ಕ್ಯಾನ್ ಆಯಿತು. ಡಾಕ್ಟರು ಗಂಡನ ಕೈಗೆ ಒಪ್ಪಿಗೆಯ ಹಾಳೆ ಕೊಟ್ಟಳು. "ರಕ್ತಸ್ರಾವ ಇಲ್ಲ, ಅದು ಪುಣ್ಯ. ಮೆದುಳಿನ ಬಲಭಾಗಕ್ಕೆ ಹೋಗೋ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ. ಕರಗಿಸೋ ಇಂಜೆಕ್ಷನ್ ಕೊಡಬೇಕು. ಹೊತ್ತು ಮೀರಿದ್ರೆ ಅದನ್ನ ಕೊಡೋಕೂ ಆಗಲ್ಲ. ಬೇಗ ಸಹಿ ಹಾಕಿ."

ಗಂಡ ಪೆನ್ನು ಹಿಡಿದು ಹೆಂಡತಿಯ ಮುಖ ನೋಡಿದ. ನರದಕ್ಕ ಹುಬ್ಬು ಗಂಟಿಕ್ಕಿದಳು.

"ಡಾಕ್ಟ್ರೇ, ಬಿದ್ದಿರೋದು ಎಡಗೈ. ನೀವು ಬಲಗಡೆ ಅಂತಿದ್ದೀರಿ."

"ಹೌದು, ಬಲಗಡೆನೇ."

"ಎಡಗೈ ಲೈನು ಎಡಗಡೆಯಿಂದಲ್ವಾ ಬರೋದು? ಸರಿಯಾಗಿ ನೋಡಿ. ಬೇರೆ ಯಾರದೋ ಸ್ಕ್ಯಾನ್ ಇರಬಹುದು."

"ಅಮ್ಮಾ, ನರ ಕತ್ತಿನ ಹತ್ರ ಕ್ರಾಸ್ ಆಗುತ್ತೆ."

"ಇಲ್ಲ ಡಾಕ್ಟ್ರೇ, ನೇರ ಇಳಿಯುತ್ತೆ. ನಾನು ದಿನಾ ಅದೇ ಕೆಲಸ ಮಾಡೋಳು."

ಗಂಡ ಪೆನ್ನನ್ನು ಕೆಳಗಿಟ್ಟ. ಅವನ ಕಣ್ಣಲ್ಲಿ ಹೆಂಡತಿ ನರಗಳ ವಿಷಯದಲ್ಲಿ ಕೊನೆಯ ಮಾತು. "ನೀವು ಇನ್ನೊಂದ್ಸಲ ನೋಡ್ಬಿಡಿ ಮೇಡಂ, ನಮ್ಮವಳು ಸುಮ್ಮನೆ ಹೇಳಲ್ಲ" ಎಂದ. ಗೋಡೆಯ ಗಡಿಯಾರ ಓಡುತ್ತಿತ್ತು. ಮಾವನ ಮೆದುಳಿನ ಬಲಭಾಗದಲ್ಲಿ ರಕ್ತ ಸಿಗದೆ ನರಕೋಶಗಳು ಒಂದೊಂದಾಗಿ ಆರುತ್ತಿದ್ದವು. ಇಲ್ಲಿ ಗಂಡ ಹೆಂಡತಿ ವೈರಿಂಗ್ ತಪಾಸಣೆಗೆ ನಿಂತಿದ್ದರು.

ಡಾಕ್ಟರು ಕೂಗಾಡಲಿಲ್ಲ. ಹಾಳೆಯ ಹಿಂದೆ ಎರಡು ಗೆರೆ ಎಳೆದು, ಒಂದನ್ನು ಇನ್ನೊಂದರ ಮೇಲೆ ದಾಟಿಸಿದಳು. "ಎಲ್ಲರಲ್ಲೂ ಹೀಗೇ. ನಿಮ್ಮಲ್ಲಿ, ನನ್ನಲ್ಲಿ, ಇವರಲ್ಲಿ. ಮತ್ತೆ ಇಂಜೆಕ್ಷನ್ ಹಾಕೋದು ಕೈಗೆ, ತಲೆಯ ಯಾವ ಪಕ್ಕಕ್ಕೂ ಅಲ್ಲ. ನಿಮಗೆ ನೇರ ಅಂತ ಯಾರಮ್ಮಾ ಹೇಳಿದ್ದು?"

ನರದಕ್ಕ ಆ ಎರಡು ಗೆರೆಗಳನ್ನು ನೋಡಿದಳು. ಹೆಬ್ಬೆರಳಿನ ಉಗುರಿನಷ್ಟು ಗಂಟು. ಹಳೆಯ ಅಚ್ಚಿನಲ್ಲಿದ್ದದ್ದೇ.

"ಯಾರೂ ಹೇಳಿಲ್ಲ" ಎಂದಳು. "ನಾನೇ ಮಾಡಿದ್ದು."

ಗಂಡ ಸಹಿ ಹಾಕಿದ. ಮದ್ದು ಹೊತ್ತು ಮೀರುವ ಮೊದಲೇ ಒಳಗೆ ಹೋಯಿತು.

ಮಾವ ಉಳಿದರು, ಚೇತರಿಸಿಕೊಂಡರು. ಅದನ್ನು ಹೇಳಿಬಿಡುತ್ತೇನೆ, ನೀವು ಸುಮ್ಮನೆ ಗಾಬರಿಯಾಗುವುದು ಬೇಡ. ಆದರೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ ನರದಕ್ಕನಿಗೆ ಬೇರೆಯೇ ಲೆಕ್ಕ ಶುರುವಾಗಿತ್ತು. ಗಂಡನಿಗೆ ತಾನು ಹೇಳಿದ್ದು ಮನೆಯ ಮಾತಾಯಿತು. ಆ ಫಲಕಗಳು ಎಷ್ಟು ಕ್ಲಾಸುಗಳಲ್ಲಿ ಇದನ್ನೇ ಹೇಳುತ್ತ ನಿಂತಿವೆ? ಅದನ್ನು ನೋಡಿ ಬೆಳೆದ ಮಗು ನಾಳೆ ಇದೇ ಬೆಂಚಿನ ಮುಂದೆ ಪೆನ್ನು ಕೆಳಗಿಟ್ಟರೆ?

ಡಾಕ್ಟರು ರೌಂಡಿಗೆ ಬಂದಾಗ ಹಿಡಿದು ನಿಲ್ಲಿಸಿದಳು. "ಎಲ್ಲ ನರಾನೂ ದಾಟುತ್ತಾ?"

"ಕೈಕಾಲು ಆಡಿಸೋ ಲೈನಲ್ಲಿ ಹೆಚ್ಚಿನವು ದಾಟುತ್ತವೆ. ಸ್ವಲ್ಪ ನೇರಾನೂ ಇಳಿಯುತ್ತವೆ."

"ನೋಡಿದ್ಯಾ, ಸ್ವಲ್ಪ ನೇರ ಇಳಿಯುತ್ತಂತೆ!" ಗಂಡನ ಮುಖ ಅರಳಿತು.

"ನೀನು ಬಾಯ್ಮುಚ್ಚು, ವೇಗಸ್ಸು. ಡಾಕ್ಟ್ರೇ, ಕಿರುಮೆದುಳು?"

"ಅದು ತನ್ನ ಪಕ್ಕದ ಕೈಕಾಲನ್ನೇ ನೋಡ್ಕೊಳ್ಳುತ್ತೆ. ಎಡ ಕಿರುಮೆದುಳು, ಎಡಗೈ."

"ಸದ್ಯ, ಅದನ್ನ ನಾನು ಮುಟ್ಟಿಲ್ಲ." ನರದಕ್ಕ ಆ ದಿನ ಬಿಟ್ಟ ಮೊದಲ ನಿಟ್ಟುಸಿರು ಅದು.

ಶೆಡ್ಡಿಗೆ ಹೋದವಳೇ ಯಜಮಾನನ ಮುಂದೆ ನಿಂತಳು. ಕಳಿಸಿದ ಫಲಕಗಳನ್ನೆಲ್ಲ ತರಿಸಿ, ತಿದ್ದಿಕೊಡುತ್ತೇನೆ ಎಂದಳು. ಯಜಮಾನ ಕನ್ನಡಕ ತೆಗೆದು ಒರೆಸಿದ. ಅವನು ಕನ್ನಡಕ ಒರೆಸಿದರೆ ಉತ್ತರ 'ಆಗಲ್ಲ' ಎಂದರ್ಥ.

"ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದ್ದಾರಾ?"

"ಇಲ್ಲ."

"ಹಾಗಾದ್ರೆ ಸರಿಯಾಗಿದೆ ಅಂತ ಅರ್ಥ."

"ಹಾಗಲ್ಲ ಸಾರ್. ಯಾರೂ ನೋಡಿಲ್ಲ ಅಂತ ಅರ್ಥ."

"ನೋಡದೇ ಇರೋದನ್ನ ನೀನ್ಯಾಕೆ ತೋರಿಸೋಕೆ ಹೋಗ್ತೀಯ? ಶಾಲೆಗಳಿಗೆ ಹೋಗಿ ನಮ್ಮ ಮಾಲು ತಪ್ಪು ಅಂತ ಸಾರಿದ್ರೆ ಆಮೇಲೆ ಈ ಕಡೆ ಬರಬೇಡ."

ಬಿಸಿ ಪಾತ್ರೆ ಮುಟ್ಟಿದ ಕೈ ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ. ಸುದ್ದಿ ಬೆನ್ನುಹುರಿಗೆ ಮುಟ್ಟಿದ ಕೂಡಲೇ ಅಲ್ಲಿಂದಲೇ ಆಜ್ಞೆ ಹೊರಟು ಕೈ ಹಿಂದೆ ಬರುತ್ತದೆ, ಮೆದುಳಿಗೆ ವಿಷಯ ಆಮೇಲೆ ತಿಳಿಯುತ್ತದೆ. ಕೆಳಗಿನ ಕಚೇರಿಯಲ್ಲೇ ಕೆಲಸ ಮುಗಿಯುವ ಇಲಾಖೆ ನನಗೆ ಗೊತ್ತಿರುವುದು ಇದೊಂದೇ. ನರದಕ್ಕನೂ ಮೇಲಿನವರ ಅಪ್ಪಣೆಗೆ ಕಾಯಲಿಲ್ಲ. ಹಳದಿ ವೈರು, ಉಳಿ, ಅಂಟಿನ ಡಬ್ಬಿ ಚೀಲಕ್ಕೆ ತುಂಬಿಕೊಂಡಳು. ಎಲ್ಲೆಲ್ಲಿ ಇಳಿಸಿದ್ದೆ ಎಂಬುದನ್ನು ವ್ಯಾನಿನ ಡ್ರೈವರು ಬಾಯಲ್ಲೇ ಹೇಳಿದ. ಅವನಿಗೆ ಶಾಲೆಗಳ ಹೆಸರು ನೆನಪಿರಲಿಲ್ಲ, ಯಾವ ಶಾಲೆಯಲ್ಲಿ ಪೆಟ್ಟಿಗೆ ಹೊರಲು ಯಾರೂ ಕೈಹಾಕಲಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು.

ಮೊದಲ ಶಾಲೆಯಲ್ಲಿ ಫಲಕ ಮೆಟ್ಟಿಲ ಕೆಳಗೆ, ಬಿಚ್ಚದ ಪೆಟ್ಟಿಗೆಯೊಳಗಿತ್ತು. ಮೇಲೆ ಕಸಪೊರಕೆ. "ಬಿಚ್ಚಿದ್ರೆ ಒಡೆದುಹೋಗುತ್ತೆ ಅಂತ ಹಾಗೇ ಇಟ್ಟಿದ್ದೀವಿ" ಎಂದರು ಹೆಡ್‌ಮಾಸ್ಟರು. ಎಷ್ಟು ಜೋಪಾನ! ಎರಡನೆಯದರಲ್ಲಿ ಹೆಡ್‌ಮಿಸ್ಟ್ರೆಸ್ ಕೋಣೆಯ ಗೋಡೆಯ ಮೇಲಿತ್ತು. ಗಾಜು ತೆಗೆದು, ಕೈ ಬೆರಳಿನ ನರಕ್ಕೆ ಬೀಗದ ಕೈಗಳ ಗೊಂಚಲು ನೇತುಹಾಕಿದ್ದರು. ಇವರ ಮೇಲೆ ನನಗೆ ಸಿಟ್ಟಿದೆ. ಆದರೆ ಎರಡನ್ನೂ ತಿದ್ದಿಟ್ಟ ನರದಕ್ಕನಿಗೆ ಸಮಾಧಾನವಾಯಿತು. ಇಲ್ಲಿ ಯಾರಿಗೂ ತಪ್ಪು ಕಲಿಸಿಲ್ಲ, ಯಾಕೆಂದರೆ ಏನೂ ಕಲಿಸಿಲ್ಲ.

ಮೂರನೆಯ ಶಾಲೆಯಲ್ಲಿ ಫಲಕ ತರಗತಿಯಲ್ಲೇ ಇತ್ತು, ಗಾಜು ಫಳಫಳ ಹೊಳೆಯುತ್ತಿತ್ತು. ವಿಜ್ಞಾನದ ಮೇಡಂ ಚುರುಕಿನ ಹೆಂಗಸು.

"ಓಹೋ, ಇದನ್ನ ಮಾಡಿದ್ದು ನೀವೇನಾ? ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಪುಸ್ತಕದಲ್ಲಿ ಒಂದು ತಪ್ಪು ಅಚ್ಚಾಗಿತ್ತು. ಎಡಭಾಗ ಬಲಗೈಯನ್ನ ಆಡಿಸುತ್ತೆ ಅಂತ. ನಿಮ್ಮ ಮಾಡೆಲ್ ನೋಡಿದ ಮೇಲೆ ಗೊತ್ತಾಗಿದ್ದು. ಮಕ್ಕಳ ಕೈಲಿ ಹೊಡೆದುಹಾಕಿಸಿ ಸರಿಮಾಡಿಸಿದೆ."

ನರದಕ್ಕ ಚೀಲ ಕೆಳಗಿಟ್ಟಳು. ಪುಸ್ತಕ ಸರಿಯಿತ್ತು. ಆಕೆಯ ಅಂಟು, ಆಕೆಯ ವೈರು ಹೋಗಿ ಸರಿಯಾದ ಪುಸ್ತಕವನ್ನು ಹೊಡೆದುಹಾಕಿಸಿದ್ದವು.

"ಪುಸ್ತಕ ಸರಿ ಇದೆ ಮೇಡಂ. ತಪ್ಪು ನಂದು."

ಮೇಡಂ ಮುಖ ಕೆಂಪಾಯಿತು. "ಈಗ ಬಂದು ಹೇಳ್ತೀರಲ್ರೀ! ಈ ಮಕ್ಕಳಿಗೆ ನಾನು ಏನಂತ ಹೇಳ್ಲಿ?"

"ತಪ್ಪಾಯ್ತು ಅಂತ."

"ನಾನ್ಯಾಕೆ ಹೇಳ್ಲಿ? ನೀವೇ ಹೇಳಿ."

ಹೇಳಿದಳು. ಕೆಲಸ ಹೋಗಬಹುದೆಂದು ಗೊತ್ತಿದ್ದೂ, ಇಡೀ ಕ್ಲಾಸಿನ ಮುಂದೆ ಗಾಜು ಬಿಚ್ಚಿ, ನೇರ ಇಳಿದಿದ್ದ ಎರಡು ವೈರುಗಳನ್ನು ಕಿತ್ತು, ಹೊಸ ಕಾಲುವೆ ಕೊರೆದು, ಒಂದರ ಮೇಲೊಂದು ದಾಟಿಸಿ ಅಂಟಿಸಿದಳು. 'ಪಿರಮಿಡೀಯ ವ್ಯತ್ಯಸನ'ದ ಚೀಟಿ ಕಿತ್ತೆಸೆದು, ಬೇರೆ ಚೀಟಿಯಲ್ಲಿ ತನ್ನದೇ ಅಕ್ಷರದಲ್ಲಿ 'ದಾಟು' ಎಂದು ಬರೆದು ಚುಚ್ಚಿದಳು. ಮಕ್ಕಳು ಬೆಂಚು ಹತ್ತಿ ನೋಡಿದವು.

"ಆಂಟಿ, ಯಾಕೆ ದಾಟುತ್ತೆ?" ಎಂದಳು ಒಬ್ಬಳು ಹುಡುಗಿ.

"ಗೊತ್ತಿಲ್ಲ ಕಣಮ್ಮ. ನಾನೂ ಡಾಕ್ಟ್ರನ್ನ ಕೇಳ್ದೆ. ಅವ್ರಿಗೂ ಸರಿಯಾಗಿ ಗೊತ್ತಿಲ್ವಂತೆ. ನೀನು ಕಂಡುಹಿಡಿದ್ರೆ ನಂಗೂ ಹೇಳು."

ಸಂಜೆ ಮೇಡಂ ಯಜಮಾನನಿಗೆ ಫೋನು ಮಾಡಿ ಜಾಡಿಸಿದಳು. ಒಡೆದಿದೆ ಎಂದಲ್ಲ, ತಪ್ಪಿದೆ ಎಂದು ಬಂದ, ಶೆಡ್ಡಿನ ಇತಿಹಾಸದ ಮೊಟ್ಟಮೊದಲ ದೂರು. ಯಜಮಾನ ಕನ್ನಡಕ ಒರೆಸಿದ, ಮತ್ತೆ ಒರೆಸಿದ. ಆಮೇಲೆ, "ಅಯ್ಯೋ ಮೇಡಂ, ನಾವೇ ಕಳ್ಸಿದ್ದು ಅವರನ್ನ, ಉಚಿತ ಸೇವೆ" ಎಂದು ಬಿಟ್ಟ. ಮರುದಿನ ವ್ಯಾನಿನ ಮೇಲೆ 'ಉಚಿತ ಸೇವೆ' ಎಂಬ ಬ್ಯಾನರು ಬಂತು, ಒಳಗೆ ನರದಕ್ಕ. ಹಲ್ಲಿನಮ್ಮನನ್ನೂ ಜೊತೆಗೆ ಕಳಿಸಿದರು. ಅವಳ ದವಡೆಯಲ್ಲೂ ಏನೋ ಎಣಿಕೆ ತಪ್ಪಿದೆ ಎಂಬ ಗುಮಾನಿ ಅಷ್ಟರಲ್ಲಿ ಎದ್ದಿತ್ತು.

ಮಾವ ಮತ್ತೆ ಜಗಲಿಗೆ ಬಂದಿದ್ದಾರೆ. ಎಡಗೈ ಎಲೆಗಳನ್ನು ಹಿಡಿಯುತ್ತದೆ. ಕೆಟ್ಟ ಎಲೆ ಎಸೆದಾಗ ಮಾತ್ರ, "ಅದು ಎಸೆದಿದ್ದಲ್ಲ, ಬಿದ್ದಿದ್ದು, ನಂದು ನರದ ತೊಂದರೆ" ಎಂದು ವಾಪಸು ಎತ್ತಿಕೊಳ್ಳುತ್ತಾರೆ. ಬೇಕರಿಯವನು ಈಗ ನರದಕ್ಕನನ್ನೇ ತೀರ್ಪಿಗೆ ಕರೆಯುತ್ತಾನೆ. ಆಕೆ, "ನನ್ನ ಕೇಳಬೇಡಿ, ಡಾಕ್ಟ್ರನ್ನ ಕೇಳಿ" ಎನ್ನುತ್ತಾಳೆ. ಸೊಂಟ ಹಿಡಿದು ಬಂದವರಿಗೂ ಅದೇ ಉತ್ತರ.

ಆದರೆ ವ್ಯಾನು ಹೋಗದ ಜಾಗಗಳಿವೆ. ಅಂಗಡಿಯವರು ಪೆಟ್ಟಿಗೆಗಟ್ಟಲೆ ಕೊಂಡು ಎಲ್ಲೆಲ್ಲಿಗೋ ಮಾರಿದ ಫಲಕಗಳು ಎಲ್ಲಿ ನಿಂತಿವೆಯೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ನರದಕ್ಕ ನಮ್ಮ ಪತ್ರಿಕೆಯ ಕಚೇರಿಗೆ ಬಂದು ಒಂದು ಜಾಹೀರಾತು ಹಾಕಿ ಎಂದಳು. ಕೌಂಟರಿನವನು ತಲೆ ಕೆರೆದುಕೊಂಡ.

"ಇದನ್ನ ಯಾವ ವಿಭಾಗಕ್ಕೆ ಹಾಕ್ಲಿ? ಮದುವೆ, ಮನೆ ಬಾಡಿಗೆ, ಕಾಣೆಯಾಗಿದ್ದಾರೆ, ಇಷ್ಟೇ ಇರೋದು."

"ಕಾಣೆಯಾಗಿದ್ದಾರೆ, ಅದರಲ್ಲೇ ಹಾಕಿ."

ಅವನು ಹಾಕಲಿಲ್ಲ. ಫೋಟೋ ಇಲ್ಲದೆ ಆಗುವುದಿಲ್ಲವಂತೆ. ಆ ಜಾಹೀರಾತು ಇದು, ನೀವು ಇಷ್ಟು ಹೊತ್ತು ಓದಿದ್ದು.

ಈಗ ನಾನು ಹಚ್ಚುತ್ತೇನೆ ಎಂದಿದ್ದ ಕೆಲಸ. ನಾಳೆ ನಿಮ್ಮ ಮಗುವಿನ ಶಾಲೆಗೆ ಹೋಗಿ. ಮಗುವಿಲ್ಲದಿದ್ದರೆ ನೀವು ಓದಿದ ಶಾಲೆಗೆ ಹೋಗಿ. ಬೀರುವಿನ ಬೀಗದ ಕೈ ಸಿಗುತ್ತಿಲ್ಲ ಎನ್ನುತ್ತಾರೆ, ಸಿಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಧೂಳು ಒರೆಸಿ, ಬುರುಡೆ ಮುಗಿದು ಕತ್ತು ಶುರುವಾಗುವ ಜಾಗಕ್ಕೆ ಬೆರಳಿಟ್ಟು ನೋಡಿ. ಎರಡು ಹಳದಿ ವೈರುಗಳು ಅಲ್ಲಿ ದಾಟದೆ ನೇರ ಇಳಿದಿದ್ದರೆ ಅದು ನರದಕ್ಕನ ಕೈಕೆಲಸ, ಈ ಪತ್ರಿಕೆಗೆ ತಿಳಿಸಿ, ಆಕೆ ಚೀಲ ಹೊತ್ತು ಬರುತ್ತಾಳೆ. ಆಕೆ ತನ್ನ ತಪ್ಪು ತಾನು ತಿದ್ದಿಕೊಳ್ಳುತ್ತಿದ್ದಾಳೆ. ನೋಡದೇ ಇದ್ದ ತಪ್ಪು ನಿಮ್ಮದು, ಅದನ್ನು ನೀವು ತಿದ್ದಿ.